ಬಸುರಿಯ ಪಥ್ಯ

ಮೊನ್ನೆ ಬೆಳಿಗ್ಗೆ ನನ್ನ ಸೊಸೆ ಒಂದು ಲೋಟ ತಂದು ಮುಂದಿಟ್ಟಳು. ರಾತ್ರಿ ಮೆಂತ್ಯ ನೆನೆಹಾಕಿಟ್ಟ ನೀರು. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ನನಗೂ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿತ್ತು. ಪಾಪ, ಅವಳು ಒಳ್ಳೆಯದಕ್ಕೇ ತಂದಳು. ಆದರೆ ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ಆ ಕಹಿ ವಾಸನೆಗೆ ನನ್ನ ಮೈಯೆಲ್ಲಾ ಉರಿದುಹೋಯಿತು. ಎದ್ದು ಹೋಗಿ ಸಿಂಕಿಗೆ ಸುರಿದುಬಿಟ್ಟೆ. ಸೊಸೆ ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತಳು. ಅವಳಿಗೆ ಏನಂತ ಹೇಳಲಿ? ಒಬ್ಬ ಬಸುರಿ ಹೆಂಗಸಿನ ಸೆರಗಿನಿಂದ, ಬೆವರಿನಿಂದ, ಕೊನೆಗೆ ಅವಳ ಟಿಫಿನ್ ಡಬ್ಬಿಯಿಂದಲೂ ಇದೇ ವಾಸನೆ ಬರುತ್ತಿತ್ತು...

ನಾನಾಗ ನರಸೀಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ನಂಜನಗೂಡಿನಿಂದ ದಿನಾ ಬಸ್ಸು. ಅವಳು ನಮ್ಮ ಕಾಲೇಜಿಗೆ ಲೈಬ್ರರಿ ಮೇಡಂ ಆಗಿ ಬಂದವಳು. ಎಲ್ಲರಿಗೂ ಲೈಬ್ರರಿ ಮೇಡಂ, ನನಗೂ ಅಷ್ಟೇ. ಕಡ್ಡಿಯಂಥ ಮೈ, ಬೆರಳ ತುದಿಗಳು ಮಾತ್ರ ಉಬ್ಬಿ ದುಂಡಗೆ ಇದ್ದವು. ನಗು ಮಾತ್ರ ಇಡೀ ಕಾರಿಡಾರಿಗೆ ಕೇಳಿಸುತ್ತಿತ್ತು. ನಗುವಿನ ಹಿಂದೆಯೇ ಕೆಮ್ಮು. ನಕ್ಕರೆ ಸಾಕು, ಎದೆಯ ಒಳಗಿನಿಂದ ಕಿತ್ತುಕೊಂಡು ಬರುವಂಥ ಕೆಮ್ಮು. "ಸೈಲೆನ್ಸ್ ಅಂತ ಬೋರ್ಡ್ ಹಾಕಿರೋರೇ ಗಲಾಟೆ ಮಾಡ್ತಾರಲ್ಲಾ ಮೇಡಂ" ಅಂತ ಹುಡುಗರು ರೇಗಿಸುತ್ತಿದ್ದರು. "ಬೋರ್ಡ್ ನಿಮಗೆ ಕಣ್ರೋ, ನನಗಲ್ಲ" ಅನ್ನುತ್ತಿದ್ದಳು.

ಹುಡುಗರೇ ವಾಸಿ. ದೊಡ್ಡವರು ಅನ್ನಿಸಿಕೊಂಡವರು ಏನು ಮಾಡಿದರು ಗೊತ್ತೆ? ಸ್ಟಾಫ್ ರೂಮಿನಲ್ಲಿ ಅವಳ ಕಾಫಿ ಲೋಟವನ್ನು ಬೇರೆ ಇಟ್ಟರು. ಕ್ಷಯ ಇರಬಹುದು ಅಂತ ಗುಸುಗುಸು. ಮುಖಕ್ಕೆ ಮುಖ ಕೊಟ್ಟು ಕೇಳುವ ಗಂಡಸು ಒಬ್ಬನೂ ಇರಲಿಲ್ಲ, ಹೆಂಗಸೂ ಇರಲಿಲ್ಲ. ಅವಳು ಆ ಲೋಟ ತೆಗೆದುಕೊಂಡು ಲೈಬ್ರರಿಯ ಹಿಂದಿನ ಸಣ್ಣ ಕೋಣೆಗೆ ಹೋಗಿಬಿಟ್ಟಳು. ಹರಿದ ಪುಸ್ತಕಗಳನ್ನು ಪೇರಿಸಿಟ್ಟಿದ್ದ ಕೋಣೆ ಅದು. ನನಗೆ ಸಿಟ್ಟು ಬಂತು. ನನ್ನ ಡಬ್ಬಿಯನ್ನೂ ಎತ್ತಿಕೊಂಡು ಅಲ್ಲಿಗೇ ಹೋದೆ. ಅವತ್ತಿನಿಂದ ನಮ್ಮಿಬ್ಬರ ಊಟ ಅಲ್ಲೇ.

ಅವಳು ಊಟ ಮಾಡುವುದನ್ನು ನೋಡಬೇಕಿತ್ತು! ತೆಳ್ಳಗಿನ ಆ ಹೆಂಗಸು ರಟ್ಟೆ ಮುರಿದು ದುಡಿದ ಗಂಡಸಿನ ಹಾಗೆ ಉಣ್ಣುತ್ತಿದ್ದಳು. ಅನ್ನದ ಮೇಲೆ ತುಪ್ಪ ಹರಿಯುತ್ತಿತ್ತು. ಮೊಟ್ಟೆ, ಕಡಲೆಕಾಯಿ ಬೀಜ, ಕೆನೆ ಮೊಸರು. ಮೇಲೆ ಇನ್ನಷ್ಟು ಉಪ್ಪು. ಉಣ್ಣುವ ಮೊದಲು ಒಂದಷ್ಟು ಕ್ಯಾಪ್ಸೂಲು ನುಂಗಿ, ಸೀರೆ ಸ್ವಲ್ಪ ಸರಿಸಿ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಸಕ್ಕರೆ ಇಟ್ಕೊಂಡು ಹಿಂಗೆ ತಿಂತೀಯಲ್ಲೇ!" ಅಂದೆ.

ಆಗ ಹೇಳಿದಳು. ಸಿಸ್ಟಿಕ್ ಫೈಬ್ರೋಸಿಸ್ ಅಂತ ಹುಟ್ಟಿನಿಂದಲೇ ಬರುವ ಕಾಯಿಲೆ. ಅಂಟುರೋಗ ಅಲ್ಲ. ಒಳಗಿನ ಕಫವೆಲ್ಲ ಗೋಂದಿನ ಹಾಗೆ ಗಟ್ಟಿ. ಶ್ವಾಸಕೋಶದಲ್ಲಿ ಕಟ್ಟಿಕೊಂಡು ಕೆಮ್ಮು, ಸೋಂಕು. ಅದೇ ಗೋಂದು ಮೇದೋಜೀರಕ ಗ್ರಂಥಿಯನ್ನೂ ಕಟ್ಟಿಹಾಕುತ್ತದಂತೆ. ಆದ್ದರಿಂದ ತಿಂದದ್ದು ಜೀರ್ಣವಾಗುವುದಿಲ್ಲ, ಅದಕ್ಕೆ ಕ್ಯಾಪ್ಸೂಲು. ಆ ಗ್ರಂಥಿಯೇ ಹಾಳಾಗುತ್ತಾ ಬಂದು ಸಕ್ಕರೆ ಕಾಯಿಲೆ, ಅದಕ್ಕೆ ಸೂಜಿ. ಮೈಯಲ್ಲಿನ ಉಪ್ಪು ಬೆವರಿನಲ್ಲಿ ಹೋಗಿಬಿಡುತ್ತದೆ, ಅದಕ್ಕೆ ಉಪ್ಪು. ಬೆವರಿನ ಉಪ್ಪು ನೋಡಿಯೇ ಬೆಂಗಳೂರಿನಲ್ಲಿ ಕಾಯಿಲೆ ಹಿಡಿದರಂತೆ. ಅಲ್ಲಿಯವರೆಗೆ, ಕಾಲೇಜು ಓದುವವರೆಗೆ, ಎಲ್ಲ ಡಾಕ್ಟರುಗಳೂ ಕ್ಷಯ ಅಂತಲೇ ಮಾತ್ರೆ ನುಂಗಿಸಿದ್ದರು.

"ಬೇರೆಯವರ ಸಕ್ಕರೆ ಬೇರೆ, ನನ್ನ ಸಕ್ಕರೆ ಬೇರೆ ಅಕ್ಕ. ಅವರು ತಿನ್ನಬಾರದು. ನಾನು ತಿನ್ನದೇ ಇರಬಾರದು" ಅಂದಳು. ಇಷ್ಟೇ ಮಾತು. ನಮ್ಮ ಆಫೀಸಿನ ಜವಾನನಿಗೆ ಹೇಳಿದ್ದರೂ ಅರ್ಥವಾಗುತ್ತಿತ್ತು. ಅರ್ಥವಾಗಬೇಕಾದವರಿಗೆ ಮಾತ್ರ ಆಗಲಿಲ್ಲ.

ಅವಳನ್ನು ಕೊಟ್ಟಿದ್ದು ನರಸೀಪುರದ ಹತ್ತಿರದ ಹೆಮ್ಮಿಗೆಯ ಒಂದು ಅನುಕೂಲಸ್ಥ ಒಕ್ಕಲು ಮನೆಗೆ. ಗದ್ದೆ, ಹಸು, ಎಲ್ಲ ಇತ್ತು. ಗಂಡನಿಗೆ ಒಂದು ಸೊಸೈಟಿಯಲ್ಲಿ ಕೆಲಸ. ಒಪ್ಪಿ ಮಾಡಿಕೊಂಡ ಮದುವೆ. ಕಾಯಿಲೆಯ ವಿಷಯ ಗಂಡನಿಗೆ ಪೂರ್ತಿ ಗೊತ್ತಿತ್ತು. ಆದರೆ ಅಪ್ಪ ಅಮ್ಮನಿಗೆ ಅವನು ಹೇಳಿದ್ದು "ಸ್ವಲ್ಪ ಆಸ್ತಮಾ" ಅಂತ ಮಾತ್ರ. ಸೂಜಿಯನ್ನು ಅವಳು ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳಬೇಕಿತ್ತು. ತವರಿನಲ್ಲಿ ತಾಯಿ ಇರಲಿಲ್ಲ. ತಂದೆ ಅಣ್ಣನ ಮನೆಯಲ್ಲಿ ಒಂದು ಮೂಲೆಯಲ್ಲಿ ಇದ್ದರು. ಹೆರಿಗೆಗೆ ಹೋಗೋಣ ಅಂದರೂ ಹೋಗಲು ಜಾಗ ಇರಲಿಲ್ಲ.

ಮಗು ಬೇಕು ಅಂತ ಅವಳೇ ಆಸೆಪಟ್ಟಳು. ಬೆಂಗಳೂರಿನ ಡಾಕ್ಟರು ಕೂರಿಸಿಕೊಂಡು ಎಲ್ಲ ಹೇಳಿದ್ದರು. ಎದೆಗೆ ಕಷ್ಟ, ಸಕ್ಕರೆ ಏರುಪೇರು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ನಿನ್ನ ಜೀವಕ್ಕೂ ಅಪಾಯ ಇದೆ. ಆದರೆ ಎದೆ ಸದ್ಯಕ್ಕೆ ಚೆನ್ನಾಗಿದೆ, ತೂಕ ಏರಿಸಿಕೊಂಡು ಹೋದರೆ ಆಗದ ಮಾತಲ್ಲ ಅಂತಲೂ ಹೇಳಿದ್ದರು. ಅವಳು ಎಲ್ಲ ತೂಗಿ ನೋಡಿಯೇ ಹೂಂ ಅಂದವಳು. ಆಮೇಲೆ ಎಷ್ಟೋ ಜನ ನನ್ನ ಮುಂದೆಯೇ "ಅಂಥಾ ಕಾಯಿಲೆ ಇಟ್ಕೊಂಡು ಅವಳಿಗ್ಯಾಕೆ ಬೇಕಿತ್ತು ಮಗು?" ಅಂದರು. ಯಾಕೆ ಬೇಕಿತ್ತಂತೆ! ಇವರೆಲ್ಲ ಯಾರನ್ನು ಕೇಳಿ ಹೆತ್ತರು?

ಮೈಸೂರಿನ ಲೇಡಿ ಡಾಕ್ಟರ ಹತ್ತಿರ ತೋರಿಸಲು ಮೊದಲ ಸಲ ಅತ್ತೆಯೂ ಜೊತೆಗೆ ಹೋದರು. ಅಲ್ಲಿ ಆಯಿತು ಎಡವಟ್ಟು. ಡಾಕ್ಟರು ಮಾತಿನ ಮಧ್ಯೆ ಶುಗರ್ ಅಂದರು. ಉಳಿದದ್ದು ಯಾವುದೂ ಅತ್ತೆಯ ಕಿವಿಗೆ ಬೀಳಲಿಲ್ಲ. ಊಟ ಕಡಿಮೆ ಮಾಡಬೇಡಿ, ಇನ್ಸುಲಿನ್ ಜಾಸ್ತಿ ಮಾಡೋಣ ಅಂತ ಅದೇ ಬಾಯಲ್ಲಿ ಹೇಳಿದ್ದೂ ಬೀಳಲಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಅನ್ನುವುದು ಆ ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ನಾಲಿಗೆಗೆ ಹೊರಳದ ಕಾಯಿಲೆ ಅವರ ಪಾಲಿಗೆ ಇರಲೇ ಇಲ್ಲ. ಸಕ್ಕರೆ ಮಾತ್ರ ಗೊತ್ತಿತ್ತು.

ಅದೂ ಎಂಥಾ ಗೊತ್ತು! ನಮ್ಮ ಕಡೆ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ, ಆದ್ದರಿಂದ ಮನೆಗೊಬ್ಬ ಡಾಕ್ಟರು. ಆ ಮನೆಯ ಡಾಕ್ಟರು ಮಾವ. ಅವರಿಗೆ ಎಷ್ಟೋ ವರ್ಷದಿಂದ ಸಕ್ಕರೆ. ಅನ್ನ ಬಿಟ್ಟು, ಸಿಹಿ ಬಿಟ್ಟು, ಹಾಗಲಕಾಯಿ ರಸ ಕುಡಿದು, ಗದ್ದೆ ಬದುವಿನ ಮೇಲೆ ನಡೆದು, ಮಾತ್ರೆಯನ್ನು ಅರ್ಧಕ್ಕೆ ಇಳಿಸಿಕೊಂಡಿದ್ದರು. ಊರಿನವರೆಲ್ಲ ಅವರ ಹತ್ತಿರ ಬಂದು ಪಥ್ಯ ಕೇಳಿಕೊಂಡು ಹೋಗುತ್ತಿದ್ದರು. ಅಂಥವರ ಸೊಸೆ ಬೆಣ್ಣೆ ತುಪ್ಪ ತಿಂದು ಸೂಜಿ ಚುಚ್ಚಿಕೊಳ್ಳುವುದೆಂದರೆ ಅವರ ಮಾನದ ಪ್ರಶ್ನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಮನುಷ್ಯ. "ಬಾಯಿ ಕಟ್ಟುದ್ರೆ ಸಕ್ರೆ ತಾನಾಗೇ ಇಳೀತದೆ. ಸೂಜಿ ಮಗೀಗೆ ಒಳ್ಳೇದಲ್ಲ" ಅಂದರು. ಮುಗಿಯಿತು. ಮಾರನೆಯ ದಿನದಿಂದ ಅವಳ ಡಬ್ಬಿ ಬದಲಾಯಿತು.

ಎಣ್ಣೆ ಸೋಕಿಸದ ಒಂದು ರಾಗಿ ರೊಟ್ಟಿ, ಉಪ್ಪಿಲ್ಲದ ಸೌತೆಕಾಯಿ, ಮೊಳಕೆ ಬಂದ ಮೆಂತ್ಯ. ಕಾಲು ಊದಿದೆ ಅಂತ ಉಪ್ಪನ್ನೂ ಕಿತ್ತುಕೊಂಡಿದ್ದರು. ಡಬ್ಬಿ ತೆರೆದಾಗ ನನಗೆ ಅಳುವೇ ಬಂತು. ಅವಳು ನಕ್ಕು "ಅತ್ತೆ ನಾಲ್ಕು ಗಂಟೆಗೇ ಎದ್ದು ಮಾಡಿದ್ದಾರೆ ಅಕ್ಕ" ಅಂದಳು. ನಿಜ, ಆ ಹೆಂಗಸು ಸೊಸೆಗಾಗಿ ನಿದ್ದೆಗೆಟ್ಟು ರೊಟ್ಟಿ ತಟ್ಟುತ್ತಿದ್ದಳು. ದಿನಾ ಕಾಲು ಒತ್ತುತ್ತಿದ್ದಳಂತೆ. ಇದೇ ನನ್ನ ಹೊಟ್ಟೆ ಉರಿಸುವುದು. ಕೆಟ್ಟವರಾಗಿದ್ದರೆ ನಾಲ್ಕು ಬೈದು ಶಾಪ ಹಾಕಿ ಸುಮ್ಮನಾಗಬಹುದಿತ್ತು. ಅವರು ಒಳ್ಳೆಯವರು. ಒಳ್ಳೆಯವರ ಕೈಯಿಂದ ತುತ್ತು ಕಿತ್ತುಕೊಳ್ಳುವುದು ಹೇಗೆ?

ಸೂಜಿಯನ್ನು ಮಾತ್ರ ಅವಳು ಕದ್ದು ಚುಚ್ಚಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ಅನ್ನವಿಲ್ಲ, ಮೈಯಲ್ಲಿ ಇನ್ಸುಲಿನ್. ಒಂದು ಮಧ್ಯಾಹ್ನ ಕಪಾಟಿನ ಪಕ್ಕ ಕುಸಿದು ಬಿದ್ದಳು. ಮೈ ತಣ್ಣಗೆ, ಬೆವರು ಧಾರಾಕಾರ. ನಾನು ಕ್ಯಾಂಟೀನಿನಿಂದ ಸಕ್ಕರೆ ತರಿಸಿ ನೀರಿಗೆ ಕದಡಿ ಬಾಯಿಗೆ ಹುಯ್ದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಸುದ್ದಿ ಹೆಮ್ಮಿಗೆಗೆ ಹೋಗಿ ಮಾವ ಮಗನ ಬೈಕಿನಲ್ಲಿ ಓಡಿ ಬಂದರು.

ನಾನು ಕೈ ಮುಗಿದು ಹೇಳಿದೆ. "ಹಸಿವಿಗೆ ಬಿದ್ದಿದ್ದು ಯಜಮಾನರೇ. ಸೂಜಿ ತಗೊಂಡ ಮೇಲೆ ತಿನ್ನಲೇಬೇಕು. ಡಾಕ್ಟರನ್ನೇ ಒಂದ್ಸಲ ಕೇಳಿ."

ಅವರು ಅವಳ ಕೈಚೀಲದಿಂದ ಸೂಜಿ ತೆಗೆದು ಎತ್ತಿ ತೋರಿಸಿದರು. "ನೋಡುದ್ರಾ ಮೇಡಮ್ಮೋರೆ, ಇದು ಏನ್ ಮಾಡ್ತು ಅಂತ? ಬ್ಯಾಡ ಬ್ಯಾಡ ಅಂತ ಬಡ್ಕಂಡೆ. ಇನ್ಮ್ಯಾಕೆ ಇದು ನಮ್ಮನೇಲಿ ಇರಕ್ಕಿಲ್ಲ."

ಅವರ ಪಕ್ಕದಲ್ಲಿ ಗಂಡ ಅನ್ನಿಸಿಕೊಂಡವನೂ ನಿಂತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಬೆಂಗಳೂರಿನಲ್ಲಿ ಡಾಕ್ಟರ ಮುಂದೆ ಅವಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದವನು. ಅಲ್ಲಪ್ಪ, ಒಂದು ಮಾತು ಆಡಬಾರದಿತ್ತೆ? ಅವನು ಮೊಬೈಲು ನೋಡಿಕೊಂಡು ನಿಂತ. ಆಮೇಲೆ ಗೇಟಿನ ಹತ್ತಿರ ಹಿಡಿದು ಕೇಳಿದರೆ "ಅಪ್ಪಾಜಿ ಎದುರಿಗೆ ಮಾತಾಡಕ್ಕಾಗಲ್ಲ ಮೇಡಂ, ಬೇಜಾರ್ ಮಾಡ್ಕೋತಾರೆ" ಅಂದ. ಅಪ್ಪನಿಗೆ ಬೇಜಾರಾಗಬಾರದು. ಹೆಂಡತಿಗೆ ಏನು ಬೇಕಾದರೂ ಆಗಬಹುದು.

ನನ್ನ ಕೈಲಾದದ್ದು ನಾನು ಮಾಡಿದೆ. ನಂಜನಗೂಡಿನಿಂದ ದೊಡ್ಡ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದೆ. ತುಪ್ಪದ ಅನ್ನ, ಮೊಟ್ಟೆ ಪಲ್ಯ, ಕಾಯಿ ಚಟ್ನಿ, ಉಪ್ಪಿನಕಾಯಿ. ಇನ್ನೊಂದು ಇನ್ಸುಲಿನ್ ಪೆನ್ನನ್ನು ಅವಳು ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಕ್ಯಾಪ್ಸೂಲು ನನ್ನ ಮೇಜಿನ ಡ್ರಾಯರಿನಲ್ಲಿ. ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುತ್ತಿದ್ದಳು. ಉಂಡ ಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು "ಒದೀತಿದೆ ಅಕ್ಕ, ಇದಕ್ಕೆ ಮೊಟ್ಟೆ ಇಷ್ಟ" ಅನ್ನುತ್ತಿದ್ದಳು. ಬಸುರಾಗಿ ಹೆತ್ತು ಬಂದ ಹೆಂಗಸರು ನಾವು... ಬಸುರಿಯ ಬಾಯಿಗೆ ಇಲ್ಲ ಅನ್ನಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅನ್ನ ತುಂಬಿದ ಮನೆಯ ಸೊಸೆ ಕಳ್ಳಿಯ ಹಾಗೆ ಉಣ್ಣುವುದನ್ನು ನೋಡುತ್ತಾ ನಾನು ಹಲ್ಲು ಕಡಿಯುತ್ತಿದ್ದೆ.

ಅಷ್ಟಕ್ಕೂ ಬೆಂಕಿ ಬಿತ್ತು. ಏಳನೆಯ ತಿಂಗಳಿಗೆ "ಬಸ್ಸಿನ ಕುಲುಕಾಟ ಬ್ಯಾಡ" ಅಂತ ಕೆಲಸಕ್ಕೆ ರಜೆ ಹಾಕಿಸಿದರು. ಕೆಮ್ಮು ಬೇರೆ ಹೆಚ್ಚಾಗಿತ್ತು. ಇನ್ನು ಮೂರು ಹೊತ್ತೂ ಮಾವನ ಪಥ್ಯವೇ.

ಆಮೇಲೆ ನಾನು ಅವಳನ್ನು ನೋಡಿದ್ದು ಸೀಮಂತದಲ್ಲಿ. ಹೆಮ್ಮಿಗೆಯ ಮನೆ ತುಂಬಾ ನೆಂಟರು. ಅವಳಿಗೆ ಹಸಿರು ರೇಷ್ಮೆ ಸೀರೆ, ಕೈ ತುಂಬಾ ಹಸಿರು ಬಳೆ, ಜಡೆ ತುಂಬಾ ಮೊಗ್ಗು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ಗಾದೆ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಮುಖದಲ್ಲಿ ಮೂಗು, ಹಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮಾವ ಬಂದವರಿಗೆಲ್ಲ ಸಕ್ಕರೆ ನೋಡುವ ಮೆಷಿನ್ನು ತೋರಿಸುತ್ತಿದ್ದರು. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅವಳ ಬೆರಳು ಚುಚ್ಚಿ ತಾವೇ ನೋಡುತ್ತಿದ್ದರಂತೆ. "ನೂರರ ಒಳಗೇ ಅದೆ ಕಣ್ರೀ! ಒಂದು ಸೂಜಿ ಇಲ್ಲ, ಮಾತ್ರೆ ಇಲ್ಲ!" ಜನ ತಲೆದೂಗಿದರು. ಉಣ್ಣದವಳ ರಕ್ತದಲ್ಲಿ ಬೆಳಿಗ್ಗೆ ಸಕ್ಕರೆ ಎಲ್ಲಿಂದ ಬಂದೀತು ಅಂತ ಕೇಳುವವರು ಒಬ್ಬರೂ ಇರಲಿಲ್ಲ.

ಮುತ್ತೈದೆಯರು ಒಬ್ಬೊಬ್ಬರೇ ಬಂದು ಮಡಿಲು ತುಂಬಿದರು. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ಚಿಗಳಿ ಉಂಡೆ, ತಂಬಿಟ್ಟು. ಸೆರಗು ಭಾರಕ್ಕೆ ಜಗ್ಗುತ್ತಿತ್ತು. ಎಲ್ಲರೂ ಊಟದ ಕಡೆ ತಿರುಗಿದರು. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಮಡಿಲೊಳಗೆ ಕೈ ಹಾಕಿದಳು. ಒಂದು ತಂಬಿಟ್ಟು ಮುರಿದು ಬಾಯಿಗೆ ತುರುಕಿಕೊಂಡಳು. ಆಮೇಲೆ ಕೊಬ್ಬರಿ. ಆಮೇಲೆ, ಅಯ್ಯೋ, ಹಸಿ ಅಕ್ಕಿಯನ್ನೇ ಹಿಡಿ ಹಿಡಿಯಾಗಿ ಮುಕ್ಕತೊಡಗಿದಳು. ಮಡಿಲಕ್ಕಿಯನ್ನು ಯಾರೂ ಹಾಗೆ ಮುಟ್ಟುವುದಿಲ್ಲ. ಮನೆ ದೇವರ ಮುಂದೆ ಇಟ್ಟು, ಆಮೇಲೆ ಬೇಯಿಸಿ ಹಂಚಿಕೊಂಡು ಉಣ್ಣುವುದು ಅದು.

ಅತ್ತೆ ನೋಡಿಬಿಟ್ಟರು. "ಅಯ್ಯೋ ಸಿವನೇ! ಮಡ್ಲಕ್ಕಿ ತಿಂತಾವ್ಳಲ್ಲಾ!" ಅಂತ ಬಾಯಿ ಬಡಿದುಕೊಂಡು ಓಡಿ ಬಂದು ಕೈ ಹಿಡಿದರು. ಎಲ್ಲರೂ ತಿರುಗಿ ನೋಡಿದರು. ಅವಳ ಬಾಯಲ್ಲಿ ಅಕ್ಕಿ ತುಂಬಿತ್ತು, ಕೆಮ್ಮು ಬಂದು ಎಲ್ಲಾ ಸೀರೆಯ ಮೇಲೆ ಚೆಲ್ಲಿತು. ಯಾರೋ ಕಿಸಕ್ಕನೆ ನಕ್ಕರು. ಆ ನಕ್ಕವರು ಯಾರು ಅಂತ ಇವತ್ತು ಗೊತ್ತಾದರೂ ನಾನು ಬಿಡುವುದಿಲ್ಲ.

ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ನಡುಮನೆಯಲ್ಲಿ ನಿಂತು ಕಿರುಚಿದೆ. "ನಿಮಗೆಲ್ಲ ಹೊಟ್ಟೆ ಇಲ್ವೇನ್ರೀ? ಬಸುರಿ ಹಸಿ ಅಕ್ಕಿ ಮುಕ್ತಾ ಇದ್ದಾಳೆ, ನೀವು ಎಲೆ ಮುಂದೆ ಕೂತಿದ್ದೀರಲ್ಲ!" ಗಂಡನ ತೋಳು ಹಿಡಿದು ಎಳೆದೆ. "ಈಗ ಕಾರು ತೆಗೀತೀಯೋ, ಇಲ್ಲಾ ನಾನೇ ಪೊಲೀಸಿಗೆ ಫೋನ್ ಮಾಡ್ಲೋ?" ಮಾವ ಎದ್ದು ಬಂದು "ಇವಮ್ಮ ಯಾರು ನಮ್ಮನೆ ಇಚಾರಕ್ಕೆ?" ಅಂದರು. ಯಾರೂ ಅಲ್ಲ. ನಾನು ಯಾರೂ ಅಲ್ಲ. ಅದು ನಿಜ.

ಆದರೂ ಕಾರು ಹೊರಟಿತು. ಅದೇ ಹಸಿರು ಸೀರೆಯಲ್ಲಿ ಮೈಸೂರಿಗೆ ಸೇರಿಸಿದರು. ಲೇಡಿ ಡಾಕ್ಟರು ಅವಳನ್ನು ನೋಡಿ "ಇವರನ್ನ ಉಪವಾಸ ಕೆಡವಿದ್ದು ಯಾರು?" ಅಂತ ಕೇಳಿದರು. ಬೆಳಗಿನ ಸಕ್ಕರೆ ಹಿಡಿತದಲ್ಲಿದ್ದಂತೆ ಕಂಡರೂ ಉಂಡ ಮೇಲೆ ಏರುತ್ತಲೇ ಇತ್ತು ಅಂತ ಅಲ್ಲಿ ಗೊತ್ತಾಯಿತು. ಎದೆಯಲ್ಲಿ ಸೋಂಕು. ಮಗು ಬೆಳೆದಿರಲಿಲ್ಲ. ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ತೆಗೆದರು. ಹೆಣ್ಣು ಮಗು. ಅಂಗೈಯಷ್ಟು. ಗಾಜಿನ ಪೆಟ್ಟಿಗೆಯಲ್ಲಿ ಇದ್ದು ಬದುಕಿಕೊಂಡಿತು. ತಾಯಿಯ ಕಾಯಿಲೆ ಮಗುವಿಗೆ ಇರಲಿಲ್ಲ.

ಅವಳು ಆ ಮಗುವನ್ನು ಎದೆಗೆ ಹಾಕಿಕೊಂಡು ಕೂತಿದ್ದನ್ನು ನೋಡಿದ್ದೇನೆ. ಆಸ್ಪತ್ರೆಯವರು ಇನ್ಸುಲಿನ್ ಕೊಟ್ಟು, ಹೊಟ್ಟೆ ತುಂಬಾ ಊಟ ಹಾಕುತ್ತಿದ್ದರು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. "ಇವಳಿಗೆ ಏನು ಬೇಕೋ ಎಲ್ಲಾ ತಿನ್ನಿಸ್ತೀನಿ ಅಕ್ಕ, ಯಾರ ಮಾತೂ ಕೇಳಲ್ಲ" ಅಂದಳು. ಕೇಳಲ್ಲ ಅಂದವಳು... ಆ ಚಳಿಗಾಲಕ್ಕೆ ಎದೆಯ ಸೋಂಕು ಮತ್ತೆ ಬಂತು. ತಡೆದುಕೊಳ್ಳಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ಮಗುವಿಗೆ ವರ್ಷ ತುಂಬುವುದನ್ನು ಅವಳು ನೋಡಲಿಲ್ಲ. ಚೆನ್ನಾಗಿ ಉಂಡಿದ್ದರೂ ಹೋಗುತ್ತಿದ್ದಳೇನೋ, ಆ ಕಾಯಿಲೆಯೇ ಅಂಥದ್ದು ಅಂತ ಡಾಕ್ಟರು ಹೇಳಿದರು. ಇರಬಹುದು. ಆದರೆ ಉಂಡು ಹೋಗಬಹುದಿತ್ತಲ್ಲ!

ತಿಥಿಯ ದಿನ ಹೆಮ್ಮಿಗೆಗೆ ಹೋಗಿದ್ದೆ. ಮಾವ ಜಗಲಿಯ ಮೇಲೆ ಕೂತು ಬಂದವರಿಗೆ ಹೇಳುತ್ತಿದ್ದರು. "ನಾನು ಸಕ್ರೆ ಇಳ್ಸಿದ್ದೆ. ಪಥ್ಯ ಮಾಡ್ನಿಲ್ಲ ಅವ್ಳು. ಕಾಲೇಜಲ್ಲಿ ಕದ್ದು ಕದ್ದು ತಿಂತಿದ್ಲಂತೆ." ಆ ಮಾತು ಹೇಳುವಾಗ ಕಣ್ಣಲ್ಲಿ ನೀರಿತ್ತು. ನನ್ನನ್ನು ನೋಡಿದ ಮೇಲೂ ಕಣ್ಣೀರು ನಿಲ್ಲಲಿಲ್ಲ. ಮಾತೂ ನಿಲ್ಲಲಿಲ್ಲ. ನಾನು ಊಟ ಮಾಡದೆ ಬಂದುಬಿಟ್ಟೆ.

ಇದೆಲ್ಲ ಆಗಿ ಏಳೆಂಟು ವರ್ಷವೇ ಆಯಿತು. ನಾನು ರಿಟೈರಾದೆ. ಮರೆತಿದ್ದೇನೆ ಅಂದುಕೊಂಡಿದ್ದೆ. ಸೊಸೆಯ ಲೋಟದ ನೀರನ್ನು ಸಿಂಕಿಗೆ ಸುರಿದ ದಿನವೇ, ಸಂಜೆ, ಮನಸ್ಸು ತಡೆಯದೆ ನಂಜನಗೂಡಿನ ಬಸ್ ಸ್ಟ್ಯಾಂಡಿನ ಕಡೆ ನಡೆದುಕೊಂಡು ಹೋಗಿದ್ದೆ. ಅಲ್ಲೇ ಸಿಕ್ಕರು, ಅತ್ತೆ ಮತ್ತು ಮೊಮ್ಮಗಳು. ದೇವಸ್ಥಾನಕ್ಕೆ ಬಂದಿದ್ದರಂತೆ. ಅತ್ತೆಗೆ ನನ್ನ ಗುರುತು ಹತ್ತಿ ಮುಖ ಒಂದು ಥರ ಮಾಡಿಕೊಂಡರು. ಹುಡುಗಿಗೆ ಅಮ್ಮನದೇ ಕಣ್ಣು, ಅದೇ ಅಗಲ ಬಾಯಿ... ತಳ್ಳುಗಾಡಿಯಲ್ಲಿ ಯಾವುದೋ ಪುಣ್ಯಕ್ಕೆ ನಿಜವಾದ ರಸಬಾಳೆ ಇತ್ತು. ಈಗ ಸಿಗುವುದೇ ಅಪರೂಪ. ಒಂದು ಚಿಪ್ಪು ತೆಗೆದುಕೊಂಡು ಹಣ್ಣು ಮುರಿದು ಅವಳ ಮುಂದೆ ಹಿಡಿದೆ.

ಹುಡುಗಿ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ಬ್ಯಾಡ. ನಮ್ಮಮ್ಮ ಸಿಹಿ ತಿಂದೂ ತಿಂದೂ ಸತ್ತೋದ್ಲು."

ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಕಾಯಿಲೆ ದಾಟದೆ ಹುಟ್ಟಿದ ಮಗುವಿಗೆ ಈ ಸುಳ್ಳನ್ನು ದಾಟಿಸಿದ್ದರು. ನಾನು ಅಲ್ಲೇ, ಬಸ್ಸುಗಳ ಗದ್ದಲದ ಮಧ್ಯೆ, ಮೊಣಕಾಲೂರಿ ಕೂತೆ. ಮಗುವಿಗೆ ಹೇಳಬಾರದ ಮಾತು ಅಂತ ನೀವು ಅನ್ನಬಹುದು. ಅನ್ನಿ. ನಾನು ಹೇಳಿದೆ.

"ನಿಮ್ಮಮ್ಮ ತಿಂದು ಸತ್ತಿದ್ದಲ್ಲ ಕಣವ್ವ. ನಿನ್ನನ್ನ ಹೊಟ್ಟೇಲಿ ಇಟ್ಕೊಂಡು ಹಸ್ಕೊಂಡಿದ್ಲು. ತಿನ್ನಕ್ಕೆ ಕೊಡಲಿಲ್ಲ ಅವಳಿಗೆ. ನಾನು ನೋಡಿದ್ದೀನಿ."

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಸುಳ್ಳು ಅನ್ನಲಿಲ್ಲ, ನಿಜ ಅಂತಲೂ ಅನ್ನಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡರು. ನರಸೀಪುರದ ಬಸ್ಸು ಬಂತು. ಹುಡುಗಿಯ ರಟ್ಟೆ ಹಿಡಿದು ಹತ್ತಿಸಿಕೊಂಡು ಹೋದರು. ಕಿಟಕಿಯ ಪಕ್ಕ ಕೂತ ಹುಡುಗಿ ಬಸ್ಸು ತಿರುಗುವವರೆಗೂ ನನ್ನನ್ನೇ, ನನ್ನ ಕೈಯಲ್ಲಿದ್ದ ಹಣ್ಣನ್ನೇ ನೋಡುತ್ತಿದ್ದಳು. ಕೈ ಮಾತ್ರ ಚಾಚಲಿಲ್ಲ.